ಮೊಬೈಲ್ ಆ್ಯಪ್ ನೀಡುವ ಅಂಕ ಮತ್ತು ವಾಹನ ವಿಮೆ: ಚಾಲಕನಿಗೆ ನ್ಯಾಯವಿದೆಯೇ?

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2022ರ ಜುಲೈ ತಿಂಗಳಿನಲ್ಲಿ ಸಾಮಾನ್ಯ ವಿಮಾ ಕಂಪನಿಗಳಿಗೆ ಎರಡು ಹೊಸ ಬಗೆಯ ಸೌಲಭ್ಯಗಳನ್ನು ನೀಡಲು ಅನುಮತಿಸಿತು. ವಾಹನವು ಎಷ್ಟು ಓಡಿತು ಎಂಬುದರ ಮೇಲೆ ಕಂತು ನಿಗದಿಯಾಗುವುದು ಒಂದು. ಹೇಗೆ ಓಡಿತು ಎಂಬುದರ ಮೇಲೆ ನಿಗದಿಯಾಗುವುದು ಇನ್ನೊಂದು. ಮೊದಲನೆಯದಕ್ಕೆ ಓಡೋಮೀಟರ್ ಸಾಕು. ಎರಡನೆಯದಕ್ಕೆ ವಾಹನದಲ್ಲೊಂದು ಉಪಕರಣ, ಇಲ್ಲವೇ ಚಾಲಕನ ಮೊಬೈಲಿನಲ್ಲೊಂದು ಆ್ಯಪ್ ಬೇಕು. ವೇಗ, ಹಠಾತ್ ಬ್ರೇಕು, ತಿರುವಿನ ರಭಸ, ರಾತ್ರಿ ಸಂಚಾರ, ಚಾಲನೆಯ ನಡುವೆ ಫೋನಿನ ಬಳಕೆ ಮುಂತಾದವುಗಳನ್ನು ಗಮನಿಸಿ ಅದು ಚಾಲಕನಿಗೆ ಅಂಕ ನೀಡುತ್ತದೆ.

ತತ್ತ್ವದ ದೃಷ್ಟಿಯಿಂದ ಇದನ್ನು ತಳ್ಳಿಹಾಕುವಂತಿಲ್ಲ. 2007ರ ಜನವರಿಯಲ್ಲಿ ನಿಗದಿತ ದರಪಟ್ಟಿ ತೆರವಾದ ನಂತರವೂ ಸ್ವಂತ ಹಾನಿಯ ಕಂತು ಬಹುಮಟ್ಟಿಗೆ ವಾಹನದ ಬೆಲೆ, ವಯಸ್ಸು, ಎಂಜಿನ್ ಸಾಮರ್ಥ್ಯ ಇವುಗಳನ್ನೇ ಅವಲಂಬಿಸಿದೆ. ಕ್ಲೇಮು ರಹಿತ ಬೋನಸ್ ಇದೆಯಲ್ಲ ಎನ್ನಬಹುದು. ಶೇ. 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇ. 50ಕ್ಕೆ ಏರುವ ಆ ಬೋನಸ್ ಕ್ಲೇಮು ಮಾಡದವನಿಗೆ ಸಲ್ಲುತ್ತದೆಯೇ ಹೊರತು ಚೆನ್ನಾಗಿ ಓಡಿಸಿದವನಿಗಲ್ಲ. ಬಂಪರ್ ಜಜ್ಜಿದಾಗಲೆಲ್ಲ ಕೈಯಿಂದ ಹಣ ಕೊಟ್ಟು ರಿಪೇರಿ ಮಾಡಿಸುವ ಅಜಾಗರೂಕನಿಗೂ ಅದು ಪೂರ್ಣವಾಗಿ ದೊರೆಯುತ್ತದೆ.

ಆದರೆ ಆ್ಯಪಿಗೆ ಕಣ್ಣಿಲ್ಲ. ವೇಗವು ಎಷ್ಟು ಬೇಗ ಇಳಿಯಿತು ಎಂಬುದು ಅದಕ್ಕೆ ತಿಳಿಯುತ್ತದೆ. ಏಕೆ ಇಳಿಯಿತು ಎಂಬುದು ತಿಳಿಯದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಸ್ತೆಗಳು ಬಹುಪಾಲು ಎರೆಭೂಮಿಯ ಮೇಲಿವೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣು ಮೇಲಿನ ಡಾಂಬರನ್ನು ಸಮತಟ್ಟಾಗಿ ಉಳಿಯಗೊಡುವುದಿಲ್ಲ. ಊರ ಮುಂದಿನ ಹಂಪುಗಳಿಗೆ ಎಷ್ಟೋ ಕಡೆ ಬಣ್ಣವಿಲ್ಲ, ಫಲಕವಿಲ್ಲ. ಸುಗ್ಗಿಯಲ್ಲಿ ತೊಗರಿ, ಜೋಳಗಳನ್ನು ರಸ್ತೆಯ ಮೇಲೆಯೇ ಹರಡಿ ರಾಶಿ ಮಾಡುವುದುಂಟು. ಕಬ್ಬು ಅರೆಯುವ ಹಂಗಾಮಿನಲ್ಲಿ ಹಾವಳಗಾ ಮತ್ತು ಭೂಸನೂರಿನ ಕಾರ್ಖಾನೆಗಳತ್ತ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ರಾತ್ರಿಯೂ ಸಾಗುತ್ತವೆ. ಹಿಂಬದಿ ದೀಪವಿಲ್ಲದ ಅಂಥ ಟ್ರೇಲರೊಂದು ಇಪ್ಪತ್ತು ಮಾರು ದೂರದಲ್ಲಿ ಕಂಡೊಡನೆ ಬ್ರೇಕು ತುಳಿದವನು ಜೀವ ಉಳಿಸಿಕೊಂಡವನು. ಆ್ಯಪಿನ ಖಾತೆಯಲ್ಲಿ ಮಾತ್ರ ಅವನದು ಹಠಾತ್ ಬ್ರೇಕಿನ ದೋಷ. ರಾತ್ರಿ ಹೊರಟಿದ್ದಕ್ಕೆ ಮತ್ತೊಂದು ಕಡಿತ. ಅದೇ ಚಾಲಕ ಹಗಲಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಿಸಿದರೆ ಅಂಕ ತಾನಾಗಿಯೇ ಏರುತ್ತದೆ. ಅಳೆದದ್ದು ಚಾಲಕನನ್ನೋ, ಲೋಕೋಪಯೋಗಿ ಇಲಾಖೆಯನ್ನೋ?

ಫೋನನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಹೋದರೆ ಬಸ್ಸಿನ ಬ್ರೇಕುಗಳೂ ಪ್ರಯಾಣಿಕನ ಲೆಕ್ಕಕ್ಕೆ ಸೇರುವ ಸಂಭವವಿದೆ. ವೋಚರ್ ಇಲ್ಲದ ಖರ್ಚನ್ನು ಒಪ್ಪದ ವರ್ತಕರು ವೋಚರ್ ಇಲ್ಲದ ಅಂಕವನ್ನು ಒಪ್ಪಿಕೊಳ್ಳುವುದು ವಿಚಿತ್ರ.

ಇಷ್ಟಕ್ಕೂ ಉಳಿತಾಯವೆಷ್ಟು? ರಿಯಾಯಿತಿಯು ಸ್ವಂತ ಹಾನಿಯ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಮೂರನೇ ವ್ಯಕ್ತಿ ಹೊಣೆಗಾರಿಕೆಯ ಕಂತನ್ನು ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ 1000 ಸಿಸಿ ಮೀರಿದ, 1500 ಸಿಸಿವರೆಗಿನ ಕಾರಿಗೆ ಅದು ರೂ. 3,416, 12,000 ಕಿಲೋ ಮೀರಿದ, 20,000 ಕಿಲೋವರೆಗಿನ ಸರಕು ಲಾರಿಗೆ ರೂ. 35,313. ಎಂಥ ಅಂಕ ಬಂದರೂ ಇದರಲ್ಲಿ ಒಂದು ರೂಪಾಯಿ ಇಳಿಯದು. ಸ್ವಂತ ಹಾನಿಯ ಕಂತು ರೂ. 8,000, ರಿಯಾಯಿತಿ ಶೇ. 10 ಎಂದಿಟ್ಟುಕೊಂಡರೆ ವರ್ಷದ ಲಾಭ ರೂ. 800. ಇನ್ನು ಕಡಿಮೆ ಓಟದ ರಿಯಾಯಿತಿ: ಆಳಂದದಿಂದ ಕಲಬುರಗಿಯ ಮಾರುಕಟ್ಟೆಗೆ ನಿತ್ಯ ಹೋಗಿಬರುವ ವರ್ತಕನ ಕಾರು ದಿನಕ್ಕೆ ಸುಮಾರು 80 ಕಿ.ಮೀ.ನಂತೆ 300 ದಿನಗಳಲ್ಲಿ 24,000 ಕಿ.ಮೀ. ಕ್ರಮಿಸುತ್ತದೆ, ಅವನಿಗೆ ಅದು ದಕ್ಕುವುದು ಕಷ್ಟ. ಆದರೂ ಅದರಲ್ಲಿ ಅನ್ಯಾಯವಿಲ್ಲ. ಹೆಚ್ಚು ಓಡುವ ವಾಹನಕ್ಕೆ ಅಪಾಯ ಹೆಚ್ಚು, ಮತ್ತು ಓಡೋಮೀಟರಿನ ಅಂಕಿ ಉಭಯ ಪಕ್ಷಗಳಿಗೂ ಕಾಣುವಂಥದು.

ಚಾಲನೆಯ ಅಂಕವೂ ಹಾಗೆಯೇ ಕಾಣುವಂತಾಗಬೇಕು. ಯಾವ ದಿನ, ಯಾವ ಸ್ಥಳದಲ್ಲಿ, ಯಾವ ಕಾರಣಕ್ಕೆ ಅಂಕ ಕಳೆಯಲಾಯಿತೆಂಬ ವಿವರಪಟ್ಟಿಯನ್ನು ಕಂಪನಿಯು ಪಾಲಿಸಿದಾರನಿಗೆ ಒದಗಿಸಬೇಕು. ಆಕ್ಷೇಪಣೆಗೆ ಅವಧಿ ಇರಬೇಕು. ಚಾಲಕನನ್ನು ಅದೇ ರಸ್ತೆಯಲ್ಲಿ ಓಡಿಸುವ ಇತರರೊಂದಿಗೆ ಹೋಲಿಸಬೇಕಲ್ಲದೆ ಮಹಾನಗರದವರೊಂದಿಗಲ್ಲ. ಅಂಕವು ಕಂತನ್ನು ಇಳಿಸಲು ಮಾತ್ರ ಬಳಕೆಯಾಗಲಿ, ಕ್ಲೇಮು ನಿರಾಕರಿಸಲು ಅಲ್ಲ. ಈ ಷರತ್ತು ಲಿಖಿತವಾಗಿ ದೊರೆಯುವವರೆಗೆ ಈ ಭಾಗದವರು ಆ್ಯಪಿನ ರಿಯಾಯಿತಿಗೆ ಅವಸರಪಡದಿರುವುದೇ ಮೇಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನ ಮಾಹಿತಿಯನ್ನು ತಿಳಿಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು ವ್ಯಕ್ತಿಗೆ ಒದಗಿಸಿದೆ.

ಆ ವ್ಯಕ್ತಿ ಅನೇಕ ವೇಳೆ ಮಾಲೀಕನಲ್ಲ, ಸಂಬಳದ ಚಾಲಕ. ರಿಯಾಯಿತಿ ಜಮೆಯಾಗುವುದು ಮಾಲೀಕನ ಖಾತೆಗೆ. ಅಂಕ ಕಳೆಯುವುದು ಚಾಲಕನ ಹೆಸರಿನಲ್ಲಿ. ಅದನ್ನೇ ಆಧಾರವಾಗಿಟ್ಟು ಸಂಬಳ ಹಿಡಿಯುವ, ಕೆಲಸದಿಂದ ಬಿಡಿಸುವ ಮಾಲೀಕರು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ. ಜೇವರ್ಗಿಯಿಂದ ರಾತ್ರಿ ಹನ್ನೊಂದಕ್ಕೆ ಹತ್ತಿಯ ಲೋಡು ಹೊರಡಲಿ ಎಂದು ಆಜ್ಞಾಪಿಸಿದವರು ಮಾಲೀಕರೇ ಆಗಿರುವಾಗ ರಾತ್ರಿ ಸಂಚಾರದ ಕಡಿತಕ್ಕೆ ಚಾಲಕ ಹೊಣೆಯಾಗಲಾರ. ವಿವರಪಟ್ಟಿ ಕೈಗೆ ಬಂದಾಗ ಮಾಲೀಕರು ಅದನ್ನು ಮೊದಲು ಅವನಿಗೆ ಓದಿ ಹೇಳಿ, ಅವನ ವಿವರಣೆಯನ್ನು ಬರೆದುಕೊಂಡು, ಆಕ್ಷೇಪಣೆಯೊಂದಿಗೆ ಕಂಪನಿಗೆ ಕಳುಹಿಸುವುದು ಯೋಗ್ಯ.