ಒಂದೇ ಬೀಡು, ಹಲವು ದಾರಿ

ಮಕ್ಕಳ ವಿದ್ಯೆ, ವಿವಾಹಗಳಿಗಾಗಿ ವರ್ಷಗಟ್ಟಲೆ ಮುಂದೂಡಿದ ಯೂರೋಪ್ ಪ್ರವಾಸವು ಗೃಹಸ್ಥನಿಗೆ ಎರಡನೆಯ ಸಲ ಒದಗುವುದೆಂಬ ಭರವಸೆಯಿಲ್ಲ. ಆದುದರಿಂದಲೇ ಹನ್ನೆರಡು ದಿನಗಳಲ್ಲಿ ಎಂಟು ದೇಶಗಳನ್ನು ನೋಡಿಬಿಡುವ ಆತುರವು ಹುಟ್ಟುವುದು. ಆದರೆ ಬಿಡದಿಯನ್ನು ಬದಲಿಸುವ ಪ್ರತಿದಿನವೂ ಗಂಟುಕಟ್ಟುವುದರಲ್ಲಿಯೂ ನಿಲ್ದಾಣಗಳಲ್ಲಿ ಕಾಯುವುದರಲ್ಲಿಯೂ ಅರ್ಧ ಹಗಲು ಕಳೆಯುವುದಷ್ಟೆ. ಒಂದೇ ನಗರದಲ್ಲಿ ಬೀಡುಬಿಟ್ಟು, ಬೆಳಿಗ್ಗೆ ಹೊರಟು ಸಂಜೆಗೆ ಮರಳುವುದೇ ಲೇಸೆಂದು ನಮ್ಮ ಅಭಿಪ್ರಾಯವು.

ಇದಕ್ಕೆ ಆಸ್ಟ್ರಿಯಾದ ವಿಯೆನ್ನಾ ನಗರವನ್ನು ನಾವು ಸೂಚಿಸುವೆವು. ಅಲ್ಲಿಂದ ಸ್ಲೊವಾಕಿಯಾದ ರಾಜಧಾನಿಯಾದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಸುಮಾರು 1 ಗಂಟೆಯ ದಾರಿ. ಷೆಂಗೆನ್ ವೀಸಾ ಎರಡು ದೇಶಗಳಿಗೂ ಸಲ್ಲುವುದು. ಪಾಸ್‌ಪೋರ್ಟು ಮಾತ್ರ ಜೊತೆಯಲ್ಲಿರಲಿ. ಮತ್ತೊಂದು ದಿನ ಮೆಲ್ಕಿಗೆ ಹೋಗಿ, 1089ರಲ್ಲಿ ಸ್ಥಾಪಿತವಾದ ಕ್ರೈಸ್ತಮಠವನ್ನು ಕಂಡು, ಬೇಸಗೆಯಾದರೆ ಡಾನ್ಯೂಬ್ ನದಿಯಲ್ಲಿ ಹಡಗನ್ನೇರಿ, ದ್ರಾಕ್ಷಿತೋಟಗಳ ನಡುವೆ ಕ್ರೆಮ್ಸ್ ಸೇರಿ, ರೈಲಿನಲ್ಲಿ ಹಿಂದಿರುಗಬಹುದು. ಸಾಲ್ಜ್‌ಬರ್ಗಿಗೆ ಹೋಗುವುದಕ್ಕೇ ಸುಮಾರು 2½ ಗಂಟೆ ಹಿಡಿಯುವುದರಿಂದ, ಮೊಣಕಾಲು ಒಪ್ಪದವರು ಅದನ್ನು ಬಿಡುವುದು ವಿವೇಕವು.

ಒಂದು ದಿನ ತಿರುಗಾಟ, ಮರುದಿನ ವಿಶ್ರಾಂತಿ: ಇದೇ ಕ್ರಮವಾಗಿರಲಿ. ವಿಶ್ರಾಂತಿಯ ದಿನ ಸಂಸ್ಕೃತಾಭಿಮಾನಿಗಳು ವಿಶ್ವವಿದ್ಯಾನಿಲಯದ ಕಡೆಗೆ ಮೆಲ್ಲನೆ ನಡೆಯಬಹುದು. ಪಂಡಿತ ಬ್ಯೂಲರನು 1881ರಿಂದ 1898ರಲ್ಲಿ ಮೃತನಾಗುವವರೆಗೆ ಅಧ್ಯಾಪಕನಾಗಿದ್ದುದು ಅಲ್ಲಿಯೇ. ಉಳಿದ ಹೊತ್ತು ಉದ್ಯಾನದ ಬೆಂಚಿನ ಮೇಲೆ ಕುಳಿತರೂ ನಷ್ಟವಿಲ್ಲ.

ನಮ್ಮ ಮನೆಗಳಲ್ಲಿ ಗಂಟುಕಟ್ಟುವ ಕೆಲಸವು ಸಾಮಾನ್ಯವಾಗಿ ಗೃಹಿಣಿಯದೇ ಆಗಿರುವುದು. ದೂರದೇಶಕ್ಕೆ ಹೋದಮೇಲೂ ಆಕೆಯು ದಿನದಿನವೂ ಪೆಟ್ಟಿಗೆ ತುಂಬುತ್ತಿದ್ದರೆ, ಪ್ರವಾಸವಾದುದು ಯಾರಿಗೆ? ವಾಚಕಮಹಾಶಯರು ಟಿಕೆಟ್ ಕೊಳ್ಳುವ ಮುನ್ನ ಇದನ್ನೊಂದಿಷ್ಟು ಯೋಚಿಸಬೇಕು.