ಕೈಗಿಂತ ಮೊದಲು ಕಾಲು

ಬಲಭುಜವೂ ಬಲಪಾದದ ಅಂಚೂ ಗೋಡೆಗೆ ಒತ್ತಿಕೊಳ್ಳುವಂತೆ ನಿಂತು ಎಡಗಾಲು ಎತ್ತಿ ನೋಡಿ. ಕಾಲು ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ಕಾಲಿನ ಶಕ್ತಿ ಎಲ್ಲೂ ಹೋಗಿಲ್ಲ. ಎಡಗಾಲು ಏಳಬೇಕಾದರೆ ಮೈಭಾರವೆಲ್ಲ ಮೊದಲು ಬಲಕ್ಕೆ ವಾಲಬೇಕು, ಅದಕ್ಕೆ ಗೋಡೆ ಜಾಗ ಬಿಡುತ್ತಿಲ್ಲ, ಅಷ್ಟೆ.

ಪ್ರತಿ ಚಲನೆಗೂ ಇಂಥದೊಂದು ಪೂರ್ವಸಿದ್ಧತೆ ಇದೆ. 1967ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಬೆಲೆಂಕಿ, ಗುರ್ಫಿಂಕೆಲ್ ಮತ್ತು ಪಾಲ್ಟ್ಸೆವ್ ಇದನ್ನು ಅಳೆದು ತೋರಿಸಿದರು. ನಿಂತವರಿಗೆ ಕೈಯನ್ನು ಸರಕ್ಕನೆ ಮುಂದಕ್ಕೆತ್ತಲು ಹೇಳಿ, ಸ್ನಾಯುಗಳ ವಿದ್ಯುತ್ ಚಟುವಟಿಕೆ ದಾಖಲಿಸಿಕೊಂಡರು. ಮೊದಲು ಬಿಗಿಯಾದದ್ದು ಭುಜದ ಸ್ನಾಯುವಲ್ಲ, ತೊಡೆಯ ಹಿಂಭಾಗದ್ದು. ಅದೂ ಸುಮಾರು 50 ಮಿಲಿಸೆಕೆಂಡ್ ಮುಂಚೆ! ಕೈ ಎದ್ದಾಗ ಮೈ ಮುಂದಕ್ಕೆ ತೂಗುತ್ತದೆ. ಓಲಾಡಿದ ಮೇಲೆ ಸರಿಪಡಿಸಿಕೊಳ್ಳೋಣವೆಂದರೆ ಸುದ್ದಿ ಮಿದುಳಿಗೆ ಹೋಗಿ ಆಜ್ಞೆ ಮರಳುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಮಿದುಳು ಮುಂದಾಗಿಯೇ ಅಂದಾಜು ಕಟ್ಟುತ್ತದೆ. ಆಸರೆಗೆ ಒರಗಿ ನಿಂತರೆ ಇದೇ ಸಿದ್ಧತೆ ತಗ್ಗುತ್ತದೆ, ಅಂದರೆ ಇದು ಕುರುಡು ಅಭ್ಯಾಸವಲ್ಲ.

ಚಲನೆ ಯಾರದ್ದು ಎಂಬುದೂ ಮುಖ್ಯ. ಅಂಗೈ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಇನ್ನೊಂದು ಕೈಯಿಂದ ನೀವೇ ಎತ್ತಿಕೊಳ್ಳಿ: ಕೈ ಕದಲುವುದಿಲ್ಲ. ಬೇರೆಯವರು ಎತ್ತಲಿ, ನೀವು ಕಣ್ಣಾರೆ ನೋಡುತ್ತಿದ್ದರೂ ಕೈ ಮೇಲಕ್ಕೆ ಚಿಮ್ಮುತ್ತದೆ. ಸ್ವಂತ ಕೈಗೆ ಹೊರಟ ಆಜ್ಞೆಯ ಜೊತೆಗೇ ಭಾರ ಹೊತ್ತ ಕೈಗೆ ಸಡಿಲಾಗುವ ಸೂಚನೆಯೂ ಹೋಗುತ್ತದೆ. ಪರರ ಕೈಯ ಬಗ್ಗೆ ಕಣ್ಣು ಕೊಡುವ ಸುದ್ದಿ ಅಷ್ಟು ಕರಾರುವಾಕ್ಕಾಗಿ ಕೆಲಸಕ್ಕೆ ಬರುವುದಿಲ್ಲ.

ಈ ವಿಜ್ಞಾನದಿಂದ ಒಂದು ಫ್ಯಾಷನ್ನೂ ಹುಟ್ಟಿತು. ಬೆನ್ನುನೋವಿನವರಲ್ಲಿ ಹೊಟ್ಟೆಯ ಒಳಪದರದ ಸ್ನಾಯು ತಡವಾಗಿ ಬಿಗಿಯಾಗುತ್ತದೆಂದು 1996ರಲ್ಲಿ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ವರದಿ ಮಾಡಿದ್ದೇ ತಡ, ಹೊಟ್ಟೆ ಬಿಗಿಹಿಡಿಯುವ ವ್ಯಾಯಾಮಗಳು ಜಿಮ್ಮುಗಳಿಗೆಲ್ಲ ಹಬ್ಬಿದವು. ನೋವಿನಿಂದ ತಡವೋ, ತಡದಿಂದ ನೋವೋ ಎಂದು ಕೇಳುವ ವ್ಯವಧಾನ ಕಡಿಮೆಯಿತ್ತು. ಮುಂದಿನ ಪ್ರಯೋಗಗಳಲ್ಲಿ ಈ ಬಗೆಯ ತರಬೇತಿ ಇತರ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲೆಂದು ಕಾಣಲಿಲ್ಲ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಾತ್ರ ಈ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹೆಜ್ಜೆಗೆ ಮುಂಚಿನ ಭಾರ ಬದಲಾವಣೆ ರೋಗಿಗಳಲ್ಲಿ ದುರ್ಬಲವಾಗಿರುತ್ತದೆ. ಪಾದ ನೆಲಕ್ಕೆ ಅಂಟಿದಂತಾಗುತ್ತದೆ. ಆಗ ಮನೆಯವರು ಕೈಹಿಡಿದು ಮುಂದಕ್ಕೆ ಎಳೆಯಬಾರದು, ಮುಗ್ಗರಿಸುವ ಅಪಾಯವಿದೆ. ನಿಂತಲ್ಲೇ ಎಡಕ್ಕೆ, ಬಲಕ್ಕೆ ನಿಧಾನವಾಗಿ ವಾಲಿ, ಭಾರ ಒಂದು ಕಾಲಿಗೆ ಕೂತ ಮೇಲೆ ಇನ್ನೊಂದನ್ನು ಎತ್ತಲು ಫಿಸಿಯೋಥೆರಪಿಸ್ಟರು ಹೇಳಿಕೊಡುತ್ತಾರೆ.