ಬಾರದ ಬೇರಿಂಗು

ಮೋಟಾರು ಗಾಡಿಯ ವಿಷಯದಲ್ಲಿ ನಮ್ಮ ಪಾಂಡಿತ್ಯ ಎಷ್ಟೆಂಬುದನ್ನು ಈ ಅಂಕಣದ ಹಳೆಯ ವಾಚಕರು ಬಲ್ಲರು. ಪೆಟ್ರೋಲು ಹಾಕಿಸುವುದು, ಗಾಳಿ ತುಂಬಿಸುವುದು, ಕೀಲಿಕೈ ಎಲ್ಲಿಟ್ಟೆವೆಂದು ಹುಡುಕುವುದು, ಇಷ್ಟೇ. ಹಾಗಿದ್ದೂ ಈ ಸಲ ಬೇರಿಂಗಿನ ಮೇಲೆ ಬರೆಯಲು ಕುಳಿತಿದ್ದೇವೆ. ಕಳೆದ ಮಾಘ ಮಾಸದಲ್ಲಿ, ಇಂದಾಪುರದ ಒಂದು ಗ್ಯಾರೇಜಿನಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಕೈಕಟ್ಟಿ ನಿಂತು ಕಲಿತದ್ದನ್ನು ಬರೆಯದೆ ಬಿಟ್ಟರೆ ತಪ್ಪಾದೀತು.

ವಿಜಾಪುರದಲ್ಲಿ (ಈಗ ವಿಜಯಪುರವೆನ್ನಬೇಕು) ನಮ್ಮಣ್ಣನ ಮೊಮ್ಮಗಳ ಮದುವೆ. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ. ಪುಣೆಯಿಂದ ಸೊಲ್ಲಾಪುರದ ದಾರಿ ಹಿಡಿದು ನಾವು, ನಮ್ಮ ಮನೆಯವರು, ಮಗ, ಸೊಸೆ ಹೀಗೆ ನಾಲ್ವರು ಊಟ ಮುಗಿಸಿಕೊಂಡು ಹೊರಟೆವು. ಡಿಕ್ಕಿಯಲ್ಲಿ ಮದುಮಗಳ ಧಾರೆ ಸೀರೆ. ಅದನ್ನು ಪುಣೆಯಲ್ಲಿ ಕೊಂಡು ತರುವ ಹೊಣೆ ನಮ್ಮದಾಗಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಗಾಡಿಯ ಮುಂದಿನ ಎಡಗಾಲಿಯಿಂದ ಎರಡು ತಿಂಗಳಿಂದಲೂ ಒಂದು ಸದ್ದು ಬರುತ್ತಿತ್ತು. ಮೊದಲು ದುಂಬಿ ಗುಂಯ್‌ಗುಟ್ಟಿದಂತೆ. ಆಮೇಲೆ ಬೀಸುವ ಕಲ್ಲಿನಂತೆ. ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚು. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಗಾಲಿಯ ಮೇಲೆ ಬೀಳುತ್ತದಲ್ಲ, ಆಗ ಇನ್ನೂ ಜೋರು. "ರೀ, ಗಾಡಿ ಏನೋ ಅನ್ನುತ್ತಿದೆ, ಒಮ್ಮೆ ತೋರಿಸಿ" ಎಂದು ನಮ್ಮ ಮನೆಯವರು ಹೇಳಿದ್ದು ಹತ್ತು ಸಲವಾದರೂ ಇದ್ದೀತು. ನಾವು ಮಗನಿಗೆ, "ಹಾಡು ಸ್ವಲ್ಪ ಜೋರು ಮಾಡಪ್ಪಾ" ಎಂದು ಅಪ್ಪಣೆ ಕೊಡಿಸಿ, ಸದ್ದನ್ನು ಅಡಗಿಸಿದ್ದೆವು. ರೋಗಕ್ಕೆ ನಾವು ಕಂಡುಕೊಂಡ ಔಷಧ ಇದು.

ಇಂದಾಪುರ ಸಮೀಪಿಸುವ ಹೊತ್ತಿಗೆ ಯಾವ ಹಾಡಿಗೂ ಅಡಗದ ಕರಕರ ಶಬ್ದ ಎದ್ದಿತು, ಸ್ಟಿಯರಿಂಗು ನಡುಗತೊಡಗಿತು. ಮಗ ಹೆದ್ದಾರಿ ಬಿಟ್ಟು, ದಾರಿಬದಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಉಸ್ತಾದ ಗಾಲಿಯನ್ನು ಜಾಕಿಯ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿದ. ಗಾಲಿ ಸಡಿಲವಾದ ಹಲ್ಲಿನಂತೆ ಆಡಿತು. ನಾವು ಮಗನೊಡನೆ ಆಡಿದ ಮಾತು ಕಿವಿಗೆ ಬಿದ್ದು, "ನೀವ್ ಕನ್ನಡದವ್ರೇನ್ರೀ?" ಎಂದ. ಅಕ್ಕಲಕೋಟೆಯ ಕಡೆಯವನಂತೆ. ಆ ಗಳಿಗೆಯಲ್ಲಿ ನಮಗಾದ ಸಮಾಧಾನವನ್ನು ಹೊರನಾಡಿನಲ್ಲಿರುವ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಬೇರಿಂಗ್ ಹೋಗ್ಯಾದ್ರೀ ಸಾಹೇಬ್ರ. ರಾತ್ರಿ ಆಗ್ತದ."

ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ಡಿಕ್ಕಿ ತೆಗೆಸಿ ಸೀರೆಯ ಚೀಲವನ್ನು ಬಗಲಿಗಿಟ್ಟುಕೊಂಡರು. "ನಾನೂ ಸೊಸೆಯೂ ಬಸ್ಸಿಗೆ ಹೋಗುತ್ತೇವೆ. ಸೀರೆ ಮುಟ್ಟುತ್ತದೆ. ನೀವು ನಿಮ್ಮ ಬೇರಿಂಗಿನ ಸಂಗಡ ಬನ್ನಿ" ಎಂದು ಸೊಲ್ಲಾಪುರದ ಎಸ್.ಟಿ. ಹತ್ತಿಯೇಬಿಟ್ಟರು.

ಇನ್ನು ಬೇರಿಂಗಿನ ಕಥೆ. ಎರಡು ಉಕ್ಕಿನ ಬಳೆಗಳು. ನಡುವೆ ಸಾಲಾಗಿ ಗುಂಡುಗಳು. ಹೊರಬಳೆ ಗಾಲಿಯ ಹಿಂದಿರುವ ದಪ್ಪ ಕಬ್ಬಿಣದ ತೋಳಿನೊಳಗೆ ಬಿಗಿಯಾಗಿ ಕುಳಿತಿರುತ್ತದೆ. ಇದನ್ನು ನಕಲ್ ಎನ್ನುತ್ತಾರೆ. ಒಳಬಳೆಯೊಳಗೆ ಗಾಲಿಯನ್ನು ಹೊತ್ತ ಹಬ್ಬು ತೂರಿರುತ್ತದೆ. ಇಂಜಿನಿನ ಶಕ್ತಿಯನ್ನು ಗಾಲಿಗೆ ತರುವ ದಂಡ ಹಬ್ಬಿನ ನಡುವೆ ಹಾಯ್ದು ಬಂದು, ಒಂದು ದೊಡ್ಡ ನಟ್ಟಿನಲ್ಲಿ ಮುಗಿಯುತ್ತದೆ. ನಮ್ಮ ಹಳ್ಳಿಯ ಬಂಡಿಯಲ್ಲಾದರೆ ಅಚ್ಚು, ಗುಂಬ, ಕೀಲೆಣ್ಣೆ ಇಷ್ಟರಲ್ಲೇ ಮುಗಿಯುತ್ತಿದ್ದ ಸಂಗತಿ ಇದು.

ಉಸ್ತಾದ ಗಾಲಿ ಇನ್ನೂ ನೆಲದ ಮೇಲಿರುವಾಗಲೇ ದೊಡ್ಡ ನಟ್ಟನ್ನು ಸಡಿಲಿಸಿಕೊಂಡಿದ್ದ. ಬ್ರೇಕನ್ನು ಬಿಚ್ಚಿ, ಅದರ ರಬ್ಬರು ಕೊಳವೆಯ ಮೇಲೆ ಭಾರ ಬೀಳದಂತೆ ತಂತಿಯಿಂದ ತೂಗುಹಾಕಿದ. ನಕಲ್ಲನ್ನು ಕಳಚಿ ಮೇಜಿನ ಮೇಲಿಟ್ಟು, ಹಬ್ಬನ್ನು ಎಳೆದು ತೆಗೆದ. ಬೇರಿಂಗಿನ ಒಳಬಳೆಯ ಅರ್ಧ ಹಬ್ಬಿಗೇ ಅಂಟಿಕೊಂಡು ಬಂದಿತು. ಹೊರಬಳೆ ಮಾತ್ರ ತಾನಿದ್ದಲ್ಲಿಯೇ ಉಳಿಯಿತು.

ಕೈಕೆಳಗಿನ ಹುಡುಗ ಸುತ್ತಿಗೆ ಎತ್ತಿಕೊಂಡ. ಐದು ಏಟು, ಹತ್ತು ಏಟು. ಬೇರಿಂಗು ಅಲುಗಲಿಲ್ಲ. ನಮ್ಮ ಮಗನೂ ಕೈ ಹಾಕಿದ. ನಾವು ದೂರದಲ್ಲಿ ನಿಂತೇ, "ಇನ್ನೂ ಜೋರಾಗಿ" ಎಂದು ಸಲಹೆ ಕೊಟ್ಟೆವು. ಅಷ್ಟರಲ್ಲಿ ಉಸ್ತಾದ ಬಂದವನು ಹುಡುಗನನ್ನು ಮರಾಠಿಯಲ್ಲಿ ಗದರಿಸಿ, ನಮಗೆ ಕನ್ನಡದಲ್ಲಿ ಹೇಳಿದ: "ಹೊಡದ್ರ ಬರೂದಿಲ್ಲ್ರೀ ಸಾಹೇಬ್ರ. ಹಿಡದದ್ದು ಏನಂತ ಮೊದಲ ನೋಡಬೇಕ್ರೀ."

ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಕೆಸರನ್ನೂ ತುಕ್ಕನ್ನೂ ತಿಕ್ಕಿದಾಗ ಒಳಗೆ ಒಂದು ತೆಳ್ಳನೆಯ ಉಕ್ಕಿನ ಉಂಗುರ ಕಂಡಿತು. ಅದರ ಹೆಸರು ಸರ್ಕ್ಲಿಪ್ಪು. ಬೇರಿಂಗು ಹೊರಗೆ ಜಾರದಂತೆ ತಡೆಯುವುದೇ ಅದರ ಕೆಲಸ. ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿ, ಒಳಗಿನವನನ್ನು ಏಕೆ ಬರುವುದಿಲ್ಲವೆಂದು ನಾವು ಹೊಡೆಯುತ್ತಿದ್ದೆವು! ಇಕ್ಕಳದ ತುದಿಯಿಂದ ಉಂಗುರವನ್ನು ಅಮುಕಿ ತೆಗೆದ.

ಆಮೇಲೂ ಬೇರಿಂಗು ಸುಲಭವಾಗಿ ಬರಲಿಲ್ಲ, ತುಕ್ಕು ಹಿಡಿದಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟ. ನಂತರ ನಕಲ್ಲಿನ ಹೊರಮೈಯನ್ನು ಬೆಂಕಿಯ ನಳಿಗೆಯಿಂದ ಸುತ್ತಲೂ ಸಮವಾಗಿ ಕಾಯಿಸಿ, ಒಳಗಿನದಕ್ಕೆ ಕಾವು ತಟ್ಟುವ ಮೊದಲೇ ಪ್ರೆಸ್ಸಿನಡಿ ಇಟ್ಟು ಒತ್ತಿದ. 75 ಮಿಲಿಮೀಟರು ಅಡ್ಡಳತೆಯ ಉಕ್ಕಿನ ರಂಧ್ರವನ್ನು 80 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಹಿಗ್ಗುವುದು ಸುಮಾರು 0.07 ಮಿಲಿಮೀಟರು, ಎಂದರೆ ಒಂದು ತಲೆಗೂದಲಿನಷ್ಟು. ಅಷ್ಟೇ ಸಾಕಾಯಿತು. 'ಟಣ್' ಎಂದು ಸದ್ದಾಗಿ ಬೇರಿಂಗು ಕೆಳಗೆ ಬಿದ್ದಿತು.

ನಮಗೆ ಆಗ ನೆನಪಾದದ್ದು ಅಡಿಗೆಮನೆ. ಸ್ಟೀಲು ಲೋಟದೊಳಗೆ ಲೋಟ ಸಿಕ್ಕಿಕೊಂಡರೆ ನಮ್ಮ ಮನೆಯವರು ಎಂದಾದರೂ ಸುತ್ತಿಗೆ ಹುಡುಕಿದ್ದುಂಟೆ? ಒಳಲೋಟಕ್ಕೆ ತಣ್ಣೀರು ತುಂಬಿ, ಹೊರಲೋಟವನ್ನು ಬಿಸಿನೀರಿನಲ್ಲಿ ಇಡುತ್ತಾರೆ; ಎರಡೂ ತಾವಾಗಿ ಬೇರೆಯಾಗುತ್ತವೆ. ಊರ ಕಮ್ಮಾರ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವಾಗಲೂ ಅಷ್ಟೇ: ಕುಳ್ಳಿನ ಬೆಂಕಿಯಲ್ಲಿ ಹಿಗ್ಗಿಸಿ ತೊಡಿಸಿ, ನೀರು ಹಾಕಿ ಕುಗ್ಗಿಸಿ ಬಿಗಿಯುತ್ತಾನೆ.

ಹಬ್ಬಿಗೆ ಅಂಟಿದ ಒಳಬಳೆ ಉಳಿದಿತ್ತು. ಉಸ್ತಾದ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡ; ಗಡಸು ಉಕ್ಕು ಸಿಡಿದರೆ ಕಣ್ಣೇ ಹೋದೀತು. ಗ್ರೈಂಡರಿನಿಂದ ಬಳೆಯ ಮೇಲೆ ಓರೆಯಾಗಿ ಒಂದು ಗೀರು ಹಾಕಿದ. ಕೆಳಗಿನ ಹಬ್ಬಿಗೆ ತಾಗುವ ಮೊದಲೇ ನಿಲ್ಲಿಸಿದ. ಗೀರಿಗೆ ಉಳಿಯಿಟ್ಟು ಒಂದೇ ಏಟು. ಬಳೆ ಸೀಳಿ ಸಡಿಲವಾಯಿತು. ಸುತ್ತಿಗೆಗೂ ಸಲ್ಲುವ ಸಮಯವೊಂದಿದೆ. ಅದು ಕೊನೆಗೆ, ಮತ್ತು ಒಮ್ಮೆ.

ಅಂಗಡಿಯಿಂದ ತಂದ ಹೊಸ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪಕ್ಕದ ತಂಪುಪಾನೀಯದಂಗಡಿಯ ಫ್ರೀಜರಿನಲ್ಲಿ ಕುಲ್ಫಿಗಳ ನಡುವೆ ಒಂದು ಗಂಟೆ ಮಲಗಿಸಿದರು. ತಣ್ಣಗಾಗಿ ಕುಗ್ಗಿದರೆ ಸುಲಭವಾಗಿ ಕೂರುತ್ತದೆ.

ಆ ಒಂದು ಗಂಟೆ ಚಹಾ ಕುಡಿಯುತ್ತ, ಕಬ್ಬಿನ ಟ್ರಾಲಿಗಳು ಸಾಗುವುದನ್ನು ನೋಡುತ್ತ ಕುಳಿತೆವು. ಇದೇ ಇಂದಾಪುರ ತಾಲ್ಲೂಕಿನಲ್ಲಿ ವಾಲಚಂದನಗರವಿದೆ. ಆ ಊರಿಗೆ ಹೆಸರು ಕೊಟ್ಟ ವಾಲಚಂದ ಹೀರಾಚಂದರು 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನೂ 1944ರಲ್ಲಿ ಪ್ರೀಮಿಯರ್ ಮೋಟಾರು ಕಂಪನಿಯನ್ನೂ ಸ್ಥಾಪಿಸಿದವರು. ನಮ್ಮ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹಾಕಿದ ಮೋಟಾರು ಕಾರ್ಖಾನೆಯ ಯೋಜನೆಗೆ ಬೆಂಬಲವಾಗಿ ನಿಂತವರೂ ಅವರೇ. ಬ್ರಿಟಿಷ್ ಸರ್ಕಾರದ ಒಲವಿಲ್ಲದೆ ಆ ಯೋಜನೆ ಅಂದು ಸಿಕ್ಕಿಕೊಂಡೇ ಉಳಿಯಿತು. ಎಂಥ ದೊಡ್ಡವರಿಗೂ ಸರ್ಕ್ಲಿಪ್ಪುಗಳು ತಪ್ಪಿದ್ದಲ್ಲ!

ಹೀಗೆ ಹರಟುತ್ತಿದ್ದಾಗ ಉಸ್ತಾದ ಹಳೆಯ ಬೇರಿಂಗನ್ನು ನಮ್ಮ ಅಂಗೈಯಲ್ಲಿಟ್ಟ. ಗುಂಡುಗಳ ಮೈಯೆಲ್ಲ ಸಿಡುಬಿನ ಕಲೆ. ಅವನ್ನು ಹಿಡಿದಿಟ್ಟ ಪಂಜರ ಮುರಿದಿತ್ತು. ಕಾವಿಗೆ ಉಕ್ಕು ನೀಲಿಗಟ್ಟಿತ್ತು. "ಇನ್ನ ಸ್ವಲ್ಪ ದೂರ ಹೋಗಿದ್ರ ಗಾಲಿ ಜಾಮ್ ಆಗ್ತಿತ್ತೋ, ಕಳಚಿ ಹೋಗ್ತಿತ್ತೋ ಹೇಳಾಕಾಗೂದಿಲ್ಲ್ರೀ, ಕಾಕಾ."

ನಮ್ಮ ಹರಟೆ ಅಲ್ಲಿಗೇ ನಿಂತಿತು. ಕತ್ತಲಾದ ಮೇಲೆ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಲಿಗಳ ನಡುವೆ, ಹಿಂದಿನ ಸೀಟಿನಲ್ಲಿ ಸೀರೆಯ ಕನಸು ಕಾಣುತ್ತ ನಿದ್ದೆಹೋದ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ನಾವು ಇದೇ ಗಾಲಿಯ ಮೇಲೆ ಹೋಗುವವರಿದ್ದೆವು. ಹಾಡು ಜೋರು ಮಾಡಿಕೊಂಡು.

ಹೊಸ ಬೇರಿಂಗನ್ನು ಕೂರಿಸುವಾಗ ಉಸ್ತಾದ ಹೊರಬಳೆಯನ್ನಷ್ಟೇ ಒತ್ತಿದ. ಹಬ್ಬನ್ನು ತೂರಿಸುವಾಗ ಒಳಬಳೆಗೆ ಕೆಳಗಿನಿಂದ ಆಸರೆ ಕೊಟ್ಟ. ಒತ್ತಡ ಗುಂಡುಗಳ ಮೂಲಕ ಹಾಯ್ದರೆ ಹೊಸ ಬೇರಿಂಗೂ ಅಂದೇ ಗಾಯಗೊಳ್ಳುತ್ತದೆಯಂತೆ. ಸರ್ಕ್ಲಿಪ್ಪನ್ನು ಮರೆಯದೆ ಹಾಕಿ, ಹೊಸ ನಟ್ಟನ್ನು ಕೈಯಂದಾಜಿನಲ್ಲಲ್ಲ, ಅಳತೆಯ ಪಾನದಿಂದಲೇ ಬಿಗಿದ.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಗಾಲಿ ಗುಂಯ್‌ಗುಟ್ಟಿದ ವಾರದಲ್ಲೇ ತೋರಿಸಿಬಿಡಿ. ಬೇರಿಂಗು ಹಾಕಿಸುವ ಮೊದಲು ಗ್ಯಾರೇಜಿನಲ್ಲಿ ಪ್ರೆಸ್ಸು ಇದೆಯೇ ಎಂದು ಕೇಳಿ. ಹಳೆಯದನ್ನು ಕೇಳಿ ಪಡೆದು ಒಮ್ಮೆ ಅಂಗೈಯಲ್ಲಿಟ್ಟು ನೋಡಿ. ನಮ್ಮದು ಈಗ ಮೇಜಿನ ಮೇಲೆ ಕಾಗದಗಳ ಭಾರವಾಗಿ ಕುಳಿತಿದೆ.

ನಡುರಾತ್ರಿ ಇಂದಾಪುರ ಬಿಟ್ಟು ಬೆಳಗಿನ ಜಾವಕ್ಕೆ ವಿಜಾಪುರ ಸೇರಿದೆವು. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ನಮ್ಮ ಮನೆಯವರು ತಲೆಯೆತ್ತದೆಯೇ ಕೇಳಿದರು:

"ಸದ್ದು ನಿಂತಿತೇ?"

"ನಿಂತಿತು" ಎಂದೆವು.

"ಹಾಗಾದರೆ ಇನ್ನು ನನ್ನ ಮಾತು ಕೇಳಿಸೀತು."